ಶಿಯಾ ಬೀಜಕ್ಕೆ ಗಡಿಯಲ್ಲಿ ತಡೆ: ಬೆಣ್ಣೆ ಮರದ ದುಡ್ಡು ಯಾರ ಕೈಗೆ?

ನೈಜೀರಿಯಾ ಸರ್ಕಾರ 2025ರ ಆಗಸ್ಟ್ ಕೊನೆಯಲ್ಲಿ ಕಚ್ಚಾ ಶಿಯಾ ಬೀಜದ ರಫ್ತನ್ನು ಆರು ತಿಂಗಳ ಮಟ್ಟಿಗೆ ನಿಲ್ಲಿಸಿತು. ತೀರ್ಮಾನ ಪ್ರಕಟಿಸಿದ ಉಪಾಧ್ಯಕ್ಷ ಕಾಶಿಮ್ ಶೆಟ್ಟಿಮಾ ಕೊಟ್ಟ ಲೆಕ್ಕ ಕೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಜಗತ್ತಿನ ಶಿಯಾದಲ್ಲಿ ಹತ್ತಿರ ಹತ್ತಿರ ಶೇ 40ರಷ್ಟು ಬೆಳೆಯುವುದು ಅವರ ದೇಶದಲ್ಲಿ. ಆದರೆ 650 ಕೋಟಿ ಡಾಲರಿನ ಜಾಗತಿಕ ವಹಿವಾಟಿನಲ್ಲಿ ಅವರ ಪಾಲು ಬರೀ ಶೇ 1. ಬೀಜ ಮೂಟೆಗಟ್ಟಲೆ ಹೊರಗೆ ಹೋಗುತ್ತದೆ, ದುಡ್ಡು ಮಾತ್ರ ಬೇರೆಲ್ಲೋ ಹುಟ್ಟುತ್ತದೆ.

ಶಿಯಾ ಎಂಬ ಮರದ ಈ ಬೀಜದಿಂದ ತೆಗೆಯುವ ಬೆಣ್ಣೆಯಂಥ ಕೊಬ್ಬೇ ಶಿಯಾ ಬಟರ್. ಆ ಹೆಸರು ನಮಗೂ ಹೊಸದಲ್ಲ. ಬಾಡಿ ಲೋಷನ್, ಲಿಪ್ ಬಾಮ್, ಹೇರ್ ಮಾಸ್ಕ್, ಮಕ್ಕಳ ಸೋಪು, ಯಾವುದನ್ನು ಕೈಗೆತ್ತಿಕೊಂಡರೂ ಡಬ್ಬಿ ಮೇಲೆ ಅದರ ಹೆಸರು ಇರುತ್ತದೆ. ಜೊತೆಗೆ ‘ಆಫ್ರಿಕಾದ ಪುರಾತನ ಸೌಂದರ್ಯ ರಹಸ್ಯ’ ಎಂಬಂಥ ಒಂದು ಸಾಲು. ಇದರಲ್ಲಿ ರಹಸ್ಯ ಏನೂ ಇಲ್ಲ. ಘಾನಾದ ಉತ್ತರ ಭಾಗದಲ್ಲೋ ಬುರ್ಕಿನಾ ಫಾಸೋದ ಹಳ್ಳಿಯಲ್ಲೋ ಅದು ಅಡುಗೆಗೆ ಬಳಸುವ ಜಿಡ್ಡು, ಕೂಸಿನ ಮೈಗೆ ತಿಕ್ಕುವ ಎಣ್ಣೆ, ಒಣಗಾಳಿಗೆ ಬಿರಿದ ತುಟಿಗೆ ಮದ್ದು, ಜಡೆ ಹೆಣೆಯುವ ಮುಂಚೆ ಕೂದಲಿಗೆ ಹಚ್ಚುವ ವಸ್ತು. ಎಲ್ಲರ ಮನೆಯಲ್ಲೂ ಇರುವಂಥದ್ದು.

ಈ ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಜೋರಾಗಿಯೇ ನಡೆದಿದೆ. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೀಜವನ್ನು ಗಡಿಯಲ್ಲಿ ತಡೆದರೆ ಲಾಭ ಹೊರದೇಶದ ಕಾರ್ಖಾನೆಯಿಂದ ಒಳದೇಶದ ಕಾರ್ಖಾನೆಗೆ ಹೋಗಬಹುದು, ಅಷ್ಟೆ. ಬೀಜ ಆರಿಸುವ ಹೆಂಗಸಿನ ಸೆರಗಿಗೆ ಅದು ತಾನಾಗಿ ಬಂದು ಬೀಳುವುದಿಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ಮೊದಲು ಮರ ನೋಡಬೇಕು, ಆಮೇಲೆ ಕೆಲಸ, ಕೊನೆಗೆ ಪೇಟೆ.

ನೆಡದೇ ಬೆಳೆದ ಮರ

ಶಿಯಾ ಮರ ನಮ್ಮ ಹಿಪ್ಪೆ ಮರದ ಬಳಗಕ್ಕೆ ಸೇರಿದ್ದು. ಸಪೋಟವೂ ಅದೇ ಕುಟುಂಬ. ಸೆನೆಗಲ್‌ನಿಂದ ಶುರುವಾಗಿ ಮಾಲಿ, ಬುರ್ಕಿನಾ ಫಾಸೋ, ಘಾನಾ, ಬೆನಿನ್, ನೈಜೀರಿಯಾ ದಾಟಿ ಪೂರ್ವದಲ್ಲಿ ಉಗಾಂಡಾದವರೆಗೆ, ಸಹಾರಾ ಮರುಭೂಮಿಯ ಕೆಳಗಿನ ಹುಲ್ಲುಗಾವಲಿನಲ್ಲಿ ಒಂದು ಪಟ್ಟಿಯಂತೆ ಅದು ಹಬ್ಬಿದೆ. ಇದನ್ನು ತೋಟ ಮಾಡಿ ಬೆಳೆಸುವುದು ತೀರಾ ಅಪರೂಪ. ಹೊಲ ಮಾಡಲು ಕಾಡು ಕಡಿಯುವಾಗ ರೈತರು ಈ ಮರವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಜೋಳ, ಸಜ್ಜೆ ನಡುವೆ ಅಲ್ಲೊಂದು ಇಲ್ಲೊಂದು ಶಿಯಾ ಮರ ನಿಂತಿರುತ್ತದೆ. ಮೊದಲ ಫಲ ಬರಲು 15ರಿಂದ 20 ವರ್ಷ ಬೇಕು. ಅಷ್ಟು ಕಾದು ಯಾರು ತೋಟ ಹಾಕುತ್ತಾರೆ ಹೇಳಿ? ಬದುಕಿದರೆ ಮಾತ್ರ ಇನ್ನೂರು ವರ್ಷ ನಿಲ್ಲುವ ಮರ ಇದು.

ಬಳಕೆಯೂ ಹಳೆಯದು. ಬುರ್ಕಿನಾ ಫಾಸೋದ ಕಿರಿಕೊಂಗೊ ಎಂಬಲ್ಲಿ ಉತ್ಖನನ ಮಾಡಿದಾಗ ಸುಮಾರು ಕ್ರಿ.ಶ. 100ರ ಕಾಲದ ಶಿಯಾ ಚಿಪ್ಪುಗಳು ಸಿಕ್ಕಿವೆ. 1352ರಲ್ಲಿ ಮಾಲಿ ಸಾಮ್ರಾಜ್ಯಕ್ಕೆ ಹೋದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಕಾಯಿಯ ಎಣ್ಣೆಯ ಬಗ್ಗೆ ಬರೆದಿದ್ದಾನೆ. ಅದರಲ್ಲಿ ಜನ ಕರಿಯುತ್ತಾರೆ, ದೀಪ ಹಚ್ಚುತ್ತಾರೆ, ಮೈಗೆ ಬಳಿದುಕೊಳ್ಳುತ್ತಾರೆ, ಮಣ್ಣಿಗೆ ಬೆರೆಸಿ ಮನೆ ಗೋಡೆಗೂ ಮೆತ್ತುತ್ತಾರೆ ಎನ್ನುತ್ತಾನೆ.

ಕೈಯಲ್ಲಿ ಬೆಣ್ಣೆ ಬರುವ ಬಗೆ

ಹಣ್ಣು ಉದುರುವುದು ಮೇ ತಿಂಗಳಿಂದ ಆಗಸ್ಟ್ ತನಕ. ಮಳೆ ಶುರುವಾಗುವ ಹೊತ್ತು, ಬಿತ್ತನೆಯ ಹೊತ್ತು, ಹಳೇ ಕಾಳು ಕಣಜದಲ್ಲಿ ಮುಗಿಯುತ್ತಾ ಬಂದ ಹೊತ್ತು ಕೂಡ. ಹೆಂಗಸರು ಬೆಳಕು ಹರಿಯುವ ಮುಂಚೆ ಹೊರಡುತ್ತಾರೆ. ಮರಕ್ಕೆ ಹತ್ತುವುದಿಲ್ಲ, ಕಾಯಿ ಕೀಳುವುದಿಲ್ಲ. ಬಿದ್ದದ್ದನ್ನು ಹುಲ್ಲಿನ ನಡುವೆ ಹುಡುಕಿ ಆರಿಸಬೇಕು. ಹಾವು, ಚೇಳಿನ ಭಯ ಇದ್ದೇ ಇದೆ. ಹಣ್ಣಿನ ತಿರುಳು ಸಿಹಿ, ಅದನ್ನು ಅಲ್ಲೇ ತಿನ್ನುತ್ತಾರೆ. ಉಳಿದ ಬೀಜವನ್ನು ಹೆಚ್ಚು ದಿನ ಬಿಡುವಂತಿಲ್ಲ. ಬಿಟ್ಟರೆ ಮೊಳಕೆ ಬರುತ್ತದೆ, ಕೊಬ್ಬು ಕೆಡುತ್ತದೆ. ಹಾಗಾಗಿ ಬೇಗ ಕುದಿಸಿ, ಬಿಸಿಲಿಗೆ ಒಣಹಾಕಿ, ಚಿಪ್ಪು ಒಡೆದು, ಒಳಗಿನ ಬೀಜವನ್ನು ಮತ್ತೆ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ಬೂಷ್ಟು ಹಿಡಿದರೆ ಬೆಲೆ ಹೋಯಿತು.

ಇಲ್ಲಿಗೆ ಬಂದ ಬೀಜವನ್ನೇ ‘ಕಚ್ಚಾ’ ಎನ್ನುವುದು. ಇಷ್ಟು ಕೆಲಸ ಆದ ಮೇಲೂ ಅದು ಕಚ್ಚಾ! ನಿಷೇಧ ಬಿದ್ದಿರುವುದು ಇದಕ್ಕೆ.

ಮುಂದಿನದು ಬೆಣ್ಣೆ ತೆಗೆಯುವ ಕೆಲಸ. ಬೀಜವನ್ನು ಕುಟ್ಟಿ, ಹುರಿದು, ಹಿಟ್ಟಿನ ಗಿರಣಿಯಲ್ಲಿ ಬೀಸುತ್ತಾರೆ. ಚಾಕೊಲೇಟ್ ಬಣ್ಣದ ದಪ್ಪ ಹಿಟ್ಟು ಬರುತ್ತದೆ. ದೊಡ್ಡ ಬೋಗುಣಿಯಲ್ಲಿ ಅದಕ್ಕೆ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ, ಮೊಣಕೈವರೆಗೆ ಕೈ ಇಳಿಬಿಟ್ಟು ಕಲೆಸುತ್ತಾರೆ, ಬಡಿಯುತ್ತಾರೆ, ತಿರುವುತ್ತಾರೆ. ಮಜ್ಜಿಗೆ ಕಡೆಯುವ ಕೆಲಸವೇ, ಆದರೆ ಕಡಗೋಲಿಲ್ಲ, ತೋಳೇ ಕಡಗೋಲು. ನೀರು ತಣ್ಣಗಿದೆಯೋ ಬೆಚ್ಚಗಿರಬೇಕೋ ಅನ್ನುವುದು ಅನುಭವದಿಂದಲೇ ತಿಳಿಯಬೇಕು. ನಿಧಾನವಾಗಿ ಕಂದು ಬಣ್ಣ ಮಾಸಿ ಬಿಳಿಚಿಕೊಳ್ಳುತ್ತದೆ. ಕೊಬ್ಬು ನೊರೆಯಂತೆ ಮೇಲೆ ಬರುತ್ತದೆ. ಅದನ್ನು ತೆಗೆದು ಎರಡು ಮೂರು ಸಲ ತೊಳೆದು, ನೀರಿನಂಶ ಹೋಗುವ ತನಕ ಕುದಿಸಿ, ಸೋಸಿ, ಆರುವಾಗ ಕೈಯಾಡಿಸುತ್ತಾರೆ. ಒಂದು ಕೆಜಿ ಬೆಣ್ಣೆಗೆ ಮೂರರಿಂದ ನಾಲ್ಕು ಕೆಜಿ ಬೀಜ ಬೇಕು. ಕೊಡಗಟ್ಟಲೆ ನೀರು, ಹೊರೆಗಟ್ಟಲೆ ಸೌದೆ. ಆ ಸೀಮೆಯಲ್ಲಿ ಇವೆರಡೂ ಸುಲಭಕ್ಕೆ ಸಿಗುವ ವಸ್ತುಗಳಲ್ಲ.

ಇದೇ ಬೀಜವನ್ನು ಕಾರ್ಖಾನೆಯಲ್ಲಿ ಯಂತ್ರದಿಂದ ಹಿಂಡಿ, ಹಿಂಡಿಯಲ್ಲಿ ಉಳಿದದ್ದನ್ನು ಹೆಕ್ಸೇನ್ ಎಂಬ ದ್ರಾವಕ ಹಾಕಿ ತೆಗೆದರೆ ಕೊಬ್ಬು ಪೂರ್ತಿ ಕೈಗೆ ಬರುತ್ತದೆ. ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುವಾಗ ಕೈಕೆಲಸದಲ್ಲಿ ಅದರ ದೊಡ್ಡ ಪಾಲು ಹಿಂಡಿಯಲ್ಲೇ ಉಳಿದುಬಿಡುತ್ತದೆ. ಒಂದೇ ಬೆಲೆಗೆ ಬೀಜ ಕೊಂಡರೂ ಹಳ್ಳಿಯ ಸಂಘ ಕಾರ್ಖಾನೆಗೆ ಸರಿಸಾಟಿಯಾಗಲಾರದು. ಕೈಯಲ್ಲಿ ಮಾಡಿದ ಬೆಣ್ಣೆಗೆ ಹೆಚ್ಚಿನ ದರ ಕೊಡುವ ಗಿರಾಕಿ ಸಿಕ್ಕರೆ ಮಾತ್ರ ಸಂಘ ಉಳಿಯುತ್ತದೆ. ಬ್ರಿಟನ್ನಿನ ಬಾಡಿ ಶಾಪ್ ಕಂಪನಿ 1994ರಿಂದ ಘಾನಾದ ತಮಾಲೆ ಸುತ್ತಲಿನ ಹೆಂಗಸರ ಸಂಘದಿಂದ ಹೀಗೆ ಬೆಣ್ಣೆ ಕೊಳ್ಳುತ್ತಾ ಬಂತು. ಫ್ರಾನ್ಸಿನ ಲೋಕ್ಸಿಟಾನ್ ಬುರ್ಕಿನಾ ಫಾಸೋದಲ್ಲಿ ಇದೇ ದಾರಿ ಹಿಡಿಯಿತು. ಒಳ್ಳೆಯ ಕೆಲಸವೇ. ಆದರೆ 2024ರಲ್ಲಿ ಬಾಡಿ ಶಾಪ್‌ನ ಬ್ರಿಟನ್ ವಹಿವಾಟು ದಿವಾಳಿ ಪ್ರಕ್ರಿಯೆಗೆ ಹೋಯಿತು. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡ ಯಾವ ಸಂಘಕ್ಕಾದರೂ ಅಂಥ ಸುದ್ದಿ ಸಣ್ಣದಲ್ಲ.

ಬೆಲೆ ಕಟ್ಟುವುದು ಕ್ರೀಮು ಅಲ್ಲ, ಚಾಕೊಲೇಟು

ಶಿಯಾ ಅಂದರೆ ಸೌಂದರ್ಯವರ್ಧಕ ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ರಫ್ತಾಗುವ ಶಿಯಾದಲ್ಲಿ ಸುಮಾರು ಶೇ 90 ಭಾಗ ಹೋಗುವುದು ತಿನ್ನುವ ಪದಾರ್ಥಗಳಿಗೆ. ಅದರಲ್ಲೂ ಮುಖ್ಯವಾಗಿ ಚಾಕೊಲೇಟ್ ಮತ್ತು ಬೇಕರಿ ತಿನಿಸುಗಳಿಗೆ. ಶಿಯಾ ಕೊಬ್ಬಿನ ಗಟ್ಟಿ ಭಾಗವನ್ನು ಬೇರೆ ಮಾಡಿದರೆ ಅದು ಕೊಕೊ ಬೆಣ್ಣೆಯ ಹಾಗೇ ಬಾಯಲ್ಲಿ ಕರಗುತ್ತದೆ, ಬೆಲೆ ಮಾತ್ರ ಕಡಿಮೆ. ಯುರೋಪಿನ ಒಕ್ಕೂಟ 2000ನೇ ಇಸವಿಯಲ್ಲಿ ಮಾಡಿದ ನಿಯಮದ ಪ್ರಕಾರ ಚಾಕೊಲೇಟಿನಲ್ಲಿ ಶೇ 5ರವರೆಗೆ ಕೊಕೊ ಅಲ್ಲದ ಸಸ್ಯಕೊಬ್ಬು ಬಳಸಬಹುದು. ಅದಕ್ಕೆ ಅನುಮತಿ ಇರುವುದು ಆರೇ ಕೊಬ್ಬುಗಳಿಗೆ. ಶಿಯಾ ಅದರಲ್ಲಿ ಒಂದು. ಸಾಲ್ ಮರದ ಬೀಜ, ಮಾವಿನ ಗೊರಟು, ನಮ್ಮ ಪಶ್ಚಿಮ ಘಟ್ಟದ ಮುರುಗಲು ಕೂಡ ಅದೇ ಪಟ್ಟಿಯಲ್ಲಿವೆ.

ಮುರುಗಲ ತುಪ್ಪ ಉತ್ತರ ಕನ್ನಡದವರಿಗೆ ಗೊತ್ತು. ಬಿರಿದ ಹಿಮ್ಮಡಿಗೆ ಹಚ್ಚುವ ಬಿಳಿ ಗಟ್ಟಿ. ಶಿಯಾ ಮತ್ತು ಅದು ರಾಸಾಯನಿಕವಾಗಿಯೂ ಹತ್ತಿರದವು. ಎರಡರಲ್ಲೂ ಸ್ಟಿಯರಿಕ್ ಮತ್ತು ಒಲಿಯಿಕ್ ಆಮ್ಲಗಳೇ ಮುಖ್ಯ. ಛತ್ತೀಸ್‌ಗಢದ ಮನೋರಮಾ ಇಂಡಸ್ಟ್ರೀಸ್‌ನಂಥ ಕಂಪನಿಗಳು ಇಲ್ಲಿನ ಸಾಲ್ ಬೀಜ, ಮಾವಿನ ಗೊರಟಿನ ಜೊತೆ ಪಶ್ಚಿಮ ಆಫ್ರಿಕಾದ ಶಿಯಾ ಬೀಜವನ್ನೂ ತರಿಸಿ ಚಾಕೊಲೇಟ್ ಕಂಪನಿಗಳಿಗೆ ಕೊಬ್ಬು ಮಾಡಿಕೊಡುತ್ತವೆ. ಅಂದರೆ ಬೀಜ ಹೊರಗೆ ಹೋಗುತ್ತದೆ ಎಂದು ನೈಜೀರಿಯಾ ದೂರುವಾಗ ಆ ‘ಹೊರಗೆ’ ಎನ್ನುವುದರಲ್ಲಿ ಯುರೋಪು ಮಾತ್ರ ಅಲ್ಲ, ಭಾರತವೂ ಇದೆ.

ಈಗ 2024ಕ್ಕೆ ಬನ್ನಿ. ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ಕೊಕೊ ಬೆಳೆ ಕೈಕೊಟ್ಟಿತು. ವರ್ಷದ ಕೊನೆಗೆ ಕೊಕೊ ಬೆಲೆ ಟನ್ನಿಗೆ 12,000 ಡಾಲರ್ ದಾಟಿತು. ಕೊಕೊ ಬೆಣ್ಣೆ ದುಬಾರಿಯಾದಾಗ ಕಂಪನಿಗಳು ಬದಲಿ ಕೊಬ್ಬಿನ ಕಡೆ ತಿರುಗಿದವು. ಶಿಯಾ ಬೀಜಕ್ಕೆ ಬೇಡಿಕೆ ಏರಿತು, ಬೆಲೆ ಏರಿತು. ಬೀಜ ಮಾರುವವರಿಗೆ ಒಳ್ಳೆಯದಾಯಿತು. ಬೀಜ ಕೊಂಡು ಬೆಣ್ಣೆ ಮಾಡುವ ಹೆಂಗಸರ ಸಂಘಗಳಿಗೆ ಅದೇ ಕಷ್ಟವಾಯಿತು. ಎಷ್ಟೋ ಕಡೆ ಬೀಜ ಆರಿಸುವವರೂ ಬೆಣ್ಣೆ ಮಾಡುವವರೂ ಒಂದೇ ಊರಿನವರು. ಕೆಲವೊಮ್ಮೆ ಒಂದೇ ಮನೆಯವರು.

ಬುರ್ಕಿನಾ ಫಾಸೋ 2024ರ ಸೆಪ್ಟೆಂಬರ್‌ನಲ್ಲಿ ಬೀಜ ರಫ್ತು ನಿಲ್ಲಿಸಿದ್ದು ಈ ಹಿನ್ನೆಲೆಯಲ್ಲಿ. ಮರುತಿಂಗಳು ಮಾಲಿ, 2025ರ ಜನವರಿಯಲ್ಲಿ ಐವರಿ ಕೋಸ್ಟ್. ಅಕ್ಕಪಕ್ಕದ ಬಾಗಿಲುಗಳು ಮುಚ್ಚಿದ ಮೇಲೆ ವ್ಯಾಪಾರಿಗಳು ತೆರೆದಿದ್ದ ನೈಜೀರಿಯಾದ ಕಡೆ ಬಂದರು. ಅಲ್ಲೂ ಬಾಗಿಲು ಹಾಕಬೇಕಾಯಿತು. ಒಂದು ದೇಶ ಹೊರಡಿಸಿದ ಆದೇಶಕ್ಕೆ ಪಕ್ಕದ ದೇಶ ಓಡುತ್ತಾ ಉತ್ತರ ಕೊಟ್ಟ ಕಥೆ ಇದು.

ನೈಜೀರಿಯಾ ಸರ್ಕಾರವೇ ಕೊಟ್ಟ ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ವರ್ಷದ ಬೆಳೆ ಸುಮಾರು 3,50,000 ಟನ್. ದೇಶದ ಕಾರ್ಖಾನೆಗಳು ಎಲ್ಲಾ ಸೇರಿ ಅರೆಯಬಲ್ಲದ್ದು 1,60,000 ಟನ್. ಅವು ಕೂಡ ಶೇ 35ರಿಂದ 50ರಷ್ಟು ಮಾತ್ರ ಓಡುತ್ತಿವೆ. ಎಲ್ಲಾ ಯಂತ್ರಗಳನ್ನೂ ಪೂರ್ತಿ ಓಡಿಸಿದರೂ ಅರ್ಧಕ್ಕಿಂತ ಜಾಸ್ತಿ ಬೀಜ ಮಿಕ್ಕುತ್ತದೆ. ಅದನ್ನು ಏನು ಮಾಡುವುದು? ಒಂದಷ್ಟು ಮನೆ ಅಡುಗೆಗೆ, ಒಂದಷ್ಟು ಕೈಬೆಣ್ಣೆಗೆ. ಉಳಿದದ್ದು? ಮೊದಲೇ ಸುಮಾರು 90,000 ಟನ್ ಲೆಕ್ಕಕ್ಕೆ ಸಿಗದೆ ಗಡಿ ದಾಟುತ್ತಿತ್ತು ಅಂತ ಸರ್ಕಾರವೇ ಹೇಳಿದೆ. ಕೊಳ್ಳುವವರು ಕಡಿಮೆಯಾದಾಗ ಬೆಲೆ ಬೀಳುತ್ತದೆ. ಇದಕ್ಕೆ ಅರ್ಥಶಾಸ್ತ್ರ ಓದಬೇಕಾಗಿಲ್ಲ, ಸಂತೆಗೆ ಹೋಗಿದ್ದರೆ ಸಾಕು. ಆದೇಶ ಬಂದ ಕೂಡಲೇ ನೈಜೀರಿಯಾದ ಒಳಪೇಟೆಯಲ್ಲಿ ಬೀಜದ ಬೆಲೆ ಕುಸಿಯಿತು. ಆ ಕುಸಿತದ ಹೊಡೆತ ಮೊದಲು ತಗಲುವುದು ಮೂಟೆ ಹೊತ್ತು ಸಂತೆಗೆ ಬಂದವಳಿಗೆ. ಅಗ್ಗದ ಬೀಜ ಸಿಕ್ಕಿತು ಅಂತ ಖುಷಿಯಾಗುವುದು ಕಾರ್ಖಾನೆಗೆ.

ಹಾಗಂತ ನಿಷೇಧವನ್ನು ಪೂರ್ತಿ ತಳ್ಳಿಹಾಕುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಕರಾವಳಿಯವರಿಗೆ ಈ ವಿಷಯ ಇನ್ನೊಂದು ತುದಿಯಿಂದ ಗೊತ್ತು. ಮಂಗಳೂರು, ಕಾರ್ಕಳದ ಗೇರುಬೀಜದ ಫ್ಯಾಕ್ಟರಿಗಳು ಓಡುವುದು ಬಹುಪಾಲು ಆಫ್ರಿಕಾದಿಂದ ಬರುವ ಕಚ್ಚಾ ಗೇರುಬೀಜದ ಮೇಲೆ. 2024ರ ಏಪ್ರಿಲ್‌ನಿಂದ ಕಚ್ಚಾ ಗೇರುಬೀಜ ಹೊರಗೆ ಬಿಡುವುದಿಲ್ಲ ಅಂತ ಬೆನಿನ್ ದೇಶ ಹೇಳಿದಾಗ ಇಲ್ಲಿ ಆತಂಕ ಹುಟ್ಟುವುದು ಸಹಜ. ಅಲ್ಲಿ ಕೂತು ಯೋಚಿಸಿದರೆ ಬೆನಿನ್ ಕೇಳುತ್ತಿರುವುದು ನ್ಯಾಯವೇ. ನಮ್ಮ ಮರದ ಬೀಜ ನಾವೇ ಸುಲಿದರೆ ಕೂಲಿ ನಮ್ಮವರಿಗೆ ಸಿಗುತ್ತದಲ್ಲ? ನಿಜ, ಸಿಗುತ್ತದೆ. ಅದು ಎಂಥ ಕೂಲಿ ಅನ್ನುವುದನ್ನು ಮಾತ್ರ ದಶಕಗಳಿಂದ ಬೀಜ ಸುಲಿಯುತ್ತಾ ಬಂದಿರುವ ನಮ್ಮ ಕರಾವಳಿಯ ಹೆಂಗಸರನ್ನು ಕೇಳಬೇಕು. ಫ್ಯಾಕ್ಟರಿ ಊರಿಗೆ ಬಂದಾಗ ಸಂಬಳ ಬಂತು, ಪಿಎಫ್ ಬಂತು. ಮಾಲೀಕತ್ವ ಬರಲಿಲ್ಲ.

ಡಬ್ಬಿಯೊಳಗೆ ಇರುವುದು, ಇಲ್ಲದಿರುವುದು

ಇಷ್ಟೆಲ್ಲಾ ಹೋರಾಟದ ವಸ್ತು ನಿಜಕ್ಕೂ ಕೆಲಸ ಮಾಡುತ್ತದೆಯೇ? ಮಾಡುತ್ತದೆ, ತನ್ನ ಮಿತಿಯಲ್ಲಿ. ಶಿಯಾ ಬಟರ್ ಚರ್ಮದ ಮೇಲೆ ಒಂದು ಪದರ ಕಟ್ಟಿ ನೀರಿನಂಶ ಆರಿಹೋಗದಂತೆ ತಡೆಯುತ್ತದೆ. ಇತರ ಎಣ್ಣೆಗಳಿಗೆ ಹೋಲಿಸಿದರೆ ಇದರಲ್ಲಿ ಸೋಪಾಗಿ ಬದಲಾಗದ ಅಂಶ ಜಾಸ್ತಿ. ಉರಿಯೂತ ತಗ್ಗಿಸುವ ಕೆಲವು ಸಂಯುಕ್ತಗಳು ಅದರಲ್ಲಿವೆ. ಸೂರ್ಯನ ಕಿರಣವನ್ನು ಒಂಚೂರು ಹೀರುವ ಗುಣವೂ ಇದೆ. ಅಷ್ಟಕ್ಕೇ ಅದನ್ನು ಸನ್‌ಸ್ಕ್ರೀನ್ ಅಂತ ಮಾರುವುದು ಸುಳ್ಳು. ಹೊಟ್ಟೆ ಮೇಲಿನ ಬಸಿರ ಗೆರೆಗಳನ್ನು ಅಳಿಸುತ್ತದೆ ಎಂಬುದಕ್ಕೂ ಗಟ್ಟಿ ಆಧಾರ ಇಲ್ಲ.

ಕೂದಲಿನ ವಿಷಯದಲ್ಲಿ ಇನ್ನೊಂದು ಮಾತು. ಬಿಗಿಯಾಗಿ ಸುರುಳಿ ಸುತ್ತಿದ ಕೂದಲಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ. ಅದಕ್ಕೇ ಅಲ್ಲಿ ಶಿಯಾ ಬಟರ್ ಬೇಕಾಗುತ್ತದೆ. ನೇರ ಕೂದಲಿನ, ಅದರಲ್ಲೂ ಮಂಗಳೂರಿನ ಸೆಕೆಯಲ್ಲಿ ಬದುಕುವ ಒಬ್ಬರು ಅದನ್ನೇ ನೆತ್ತಿಗೆ ಮೆತ್ತಿಕೊಂಡರೆ ಕೂದಲು ಜೋಲುಬಿದ್ದು ಅಂಟಂಟಾಗುತ್ತದೆ. ಹೊಟ್ಟು ಇದ್ದರಂತೂ ಬೇಡವೇ ಬೇಡ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಈ ಕೊಬ್ಬುಗಳೇ ಆಹಾರ. ಬೀದರ್, ಕಲಬುರಗಿಯ ಚಳಿಗಾಲದ ಒಣಗಾಳಿಗೆ ಒಡೆದ ಕೈಕಾಲಿಗಾದರೆ ಧಾರಾಳವಾಗಿ ಹಚ್ಚಬಹುದು. ಅಂದಹಾಗೆ, ಡಬ್ಬಿಯಲ್ಲಿ ಶಿಯಾ ಬಟರ್ ಮರಳು ಮರಳಾದರೆ ಕೆಟ್ಟಿದೆ ಅಂತ ಎಸೆಯಬೇಡಿ. ನಿಧಾನವಾಗಿ ತಣಿದಾಗ ಕೊಬ್ಬು ಹರಳುಗಟ್ಟುತ್ತದೆ, ಅಷ್ಟೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಫ್ರಿಜ್ಜಿನಲ್ಲಿ ಬೇಗ ತಣಿಸಿದರೆ ಮತ್ತೆ ನುಣುಪಾಗುತ್ತದೆ.

‘ಸಾಂಪ್ರದಾಯಿಕ ಪಶ್ಚಿಮ ಆಫ್ರಿಕಾ’ ಹಣೆಪಟ್ಟಿಯಲ್ಲಿ ಬರುವ ಉಳಿದ ವಸ್ತುಗಳಲ್ಲಿ ಮುಖ್ಯವಾದದ್ದು ಕಪ್ಪು ಸೋಪು. ಯೊರುಬಾ ಜನರಲ್ಲಿ ‘ಒಸೆ ದುದು’, ಘಾನಾದಲ್ಲಿ ‘ಅಲಾಟಾ ಸಮಿನಾ’. ಬಾಳೆಕಾಯಿ ಸಿಪ್ಪೆ, ಕೊಕೊ ಕಾಯಿಯ ಸಿಪ್ಪೆಗಳನ್ನು ಒಣಗಿಸಿ ಸುಟ್ಟು ಬೂದಿ ಮಾಡುತ್ತಾರೆ. ಆ ಬೂದಿ ನೀರಿನ ಪೊಟ್ಯಾಷ್‌ಗೆ ತಾಳೆ ಎಣ್ಣೆ ಸೇರಿಸಿ ಕಾಯಿಸುತ್ತಾರೆ. ಎಸೆಯುವ ಸಿಪ್ಪೆಯಿಂದ ಸೋಪು ಹುಟ್ಟಿಸುವ ಈ ಜಾಣತನ ನನಗೆ ಬಹಳ ಇಷ್ಟ. ಅಸಲಿ ಸೋಪು ಕಂದು ಬಣ್ಣದ್ದು, ಮೆತ್ತಗೆ, ಪುಡಿಪುಡಿ. ಕಡುಗಪ್ಪಾಗಿ ಹೊಳೆಯುವ ಬಿಲ್ಲೆ ಕಂಡರೆ ಬಣ್ಣ ಹಾಕಿರಬಹುದು ಅಂದುಕೊಳ್ಳಿ. ಅಸಲಿಯೇ ಆದರೂ ಅದು ಸೌಮ್ಯ ಅಲ್ಲ. ಆಮ್ಲ, ಕ್ಷಾರದ ಅಳತೆಯಾದ ಪಿಎಚ್ ಸಾಮಾನ್ಯವಾಗಿ 9ರ ಮೇಲಿರುತ್ತದೆ. ಚರ್ಮದ್ದು ಸುಮಾರು 5. ದಿನಾ ಮುಖಕ್ಕೆ ಉಜ್ಜಿದರೆ ಒಣಗುತ್ತದೆ.

ಇನ್ನು ಚೆಬೆ ಪುಡಿ. ಅದು ಪಶ್ಚಿಮ ಆಫ್ರಿಕಾದ್ದೇ ಅಲ್ಲ, ಮಧ್ಯ ಆಫ್ರಿಕಾದ ಚಾಡ್ ದೇಶದ್ದು. ಅಲ್ಲಿನ ಹೆಂಗಸರು ಅದನ್ನು ಎಣ್ಣೆಯಲ್ಲಿ ಕಲೆಸಿ ಕೂದಲ ಉದ್ದಕ್ಕೆ ಹಚ್ಚಿ ಜಡೆ ಹಾಕುತ್ತಾರೆ, ನೆತ್ತಿಗಲ್ಲ. ಕೂದಲು ಮುರಿಯದೆ ಉಳಿಯುವುದರಿಂದ ಉದ್ದ ಕಾಣುತ್ತದೆ. ಬುಡದಲ್ಲಿ ಹೊಸದಾಗಿ ಬೆಳೆಸುವ ಮಾಯೆ ಏನೂ ಇಲ್ಲ. ಅದೇ ಹಣೆಪಟ್ಟಿಯಲ್ಲಿ ಬರುವ ಬೇವು, ನುಗ್ಗೆ ಎರಡೂ ನಮ್ಮ ಕಡೆಯಿಂದ ಹೋದ ಮರಗಳು. ಬೇವು ಘಾನಾಕ್ಕೆ ಕಾಲಿಟ್ಟದ್ದೇ 20ನೇ ಶತಮಾನದ ಆರಂಭದಲ್ಲಿ. ನೈಜೀರಿಯಾದಲ್ಲಿ ಅದನ್ನು ಈಗ ‘ಡೊಂಗೊಯಾರೊ’ ಎಂದು ಕರೆದು ಮಲೇರಿಯಾ ಜ್ವರಕ್ಕೆ ಕಷಾಯ ಮಾಡುತ್ತಾರೆ. ಸಂಪ್ರದಾಯ ಆಗಲು ನೂರು ವರ್ಷ ಸಾಕು ಅಂತಾಯಿತು.

ಸಂಪ್ರದಾಯದ ವಸ್ತು ಅಂದಮಾತ್ರಕ್ಕೆ ನಿರಪಾಯ ಅಂತಲೂ ಅಲ್ಲ. ನೈಜೀರಿಯಾದಲ್ಲಿ ಕೂಸುಗಳ ಕಣ್ಣಿಗೆ ಹಚ್ಚುವ ‘ತಿರೊ’ ಎಂಬ ಕಾಡಿಗೆ ಇದೆ. ಅಮೆರಿಕದ ಬಾಸ್ಟನ್‌ನಲ್ಲಿ 2011ರಲ್ಲಿ ಒಂದು ಕೂಸಿನ ರಕ್ತದಲ್ಲಿ ಸೀಸ ಕಂಡುಬಂದಾಗ ಕಾರಣ ಹುಡುಕಿದರೆ ಸಿಕ್ಕಿದ್ದು ಅದೇ. ಆ ತಿರೊದಲ್ಲಿ ಶೇ 80ಕ್ಕೂ ಹೆಚ್ಚು ಸೀಸ ಇತ್ತು. ನಮ್ಮ ಪೇಟೆಯ ಸುರ್ಮಾದ ಮೇಲೂ ಇದೇ ದೂರು ಹಳೆಯದು. ಇನ್ನೊಂದು ಕಡೆ, ಮೈ ಬಿಳಿ ಮಾಡುತ್ತೇವೆ ಅಂತ ಹೈಡ್ರೋಕ್ವಿನೋನ್, ಪಾದರಸ ಬೆರೆಸಿದ ಕ್ರೀಮುಗಳ ಪೇಟೆ ಪಶ್ಚಿಮ ಆಫ್ರಿಕಾದಲ್ಲಿ ದೊಡ್ಡದಾಗಿ ಬೆಳೆದಿದೆ. ಶಿಯಾದ ತವರಿನಲ್ಲೇ ಶಿಯಾಕ್ಕಿಂತ ಬಿಳುಪಿನ ಕ್ರೀಮಿಗೆ ಗಿರಾಕಿ ಇರುವುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ನೋಡಬೇಕಾದದ್ದು ಎಲ್ಲಿ

ಬೆಣ್ಣೆಯಿಂದ ದುಡ್ಡು ಮಾಡಿದ ಆಫ್ರಿಕನ್ನರೇ ಇಲ್ಲ ಅಂತಲ್ಲ. ಸಿಯೆರಾ ಲಿಯೋನ್‌ನ ಬೊಂಥೆಯಲ್ಲಿ 1912ರಲ್ಲಿ ಸೋಫಿ ಟಕರ್ ಎಂಬ ಹೆಂಗಸು ಶಿಯಾ ಬೀಜ, ಕಪ್ಪು ಸೋಪು ಮಾರುತ್ತಿದ್ದರು. ಅವರ ವಂಶದ, ಲೈಬೀರಿಯಾದಲ್ಲಿ ಹುಟ್ಟಿದ ರಿಚೆಲಿಯು ಡೆನಿಸ್ ಅಮೆರಿಕದಲ್ಲಿ ಶಿಯಾಮಾಯಿಶ್ಚರ್ ಎಂಬ ಬ್ರ್ಯಾಂಡ್ ಕಟ್ಟಿದರು. 2017ರಲ್ಲಿ ಯುನಿಲಿವರ್ ಆ ಕಂಪನಿಯನ್ನು ಕೊಂಡುಕೊಂಡಿತು. ಹೆಸರು, ಡಬ್ಬಿ, ಗಿರಾಕಿಯ ನಂಬಿಕೆ ಇದ್ದ ಕಡೆ ದುಡ್ಡು ಹುಟ್ಟಿತು. ಬೀಜ ಇದ್ದ ಕಡೆ ಅಲ್ಲ.

ಹಾಗಾದರೆ ನಿಷೇಧ ಕೆಲಸ ಮಾಡಿತೋ ಇಲ್ಲವೋ ಅಂತ ಅಳೆಯುವುದು ಹೇಗೆ? ರಫ್ತಿನ ಗಳಿಕೆಯನ್ನು 6.5 ಕೋಟಿ ಡಾಲರಿನಿಂದ 30 ಕೋಟಿಗೆ ಏರಿಸುತ್ತೇವೆ ಅಂತ ನೈಜೀರಿಯಾ ಹೇಳಿದೆ. ಆ ಅಂಕಿ ಮುಟ್ಟಿದರೂ ಹಳ್ಳಿಯಲ್ಲಿ ಏನೂ ಬದಲಾಗದೇ ಇರಬಹುದು. ನಾನಾದರೆ ಜುಲೈ ತಿಂಗಳ ಸಂತೆ ದರ ನೋಡುತ್ತೇನೆ. ಚೆನ್ನಾಗಿ ಒಣಗಿದ ಶಿಯಾ ಬೀಜ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಆದರೂ ಹೆಂಗಸರು ಸುಗ್ಗಿಯಲ್ಲೇ, ಬೆಲೆ ತಳ ಕಂಡಾಗಲೇ ಮಾರಿಬಿಡುತ್ತಾರೆ. ಬಿತ್ತನೆ ಖರ್ಚು, ಮಕ್ಕಳ ಶಾಲೆ ಫೀಸು, ಮನೆಯಲ್ಲಿ ಕಾಳಿಲ್ಲ. ಊರಿಗೊಂದು ಗೋದಾಮು, ಇಟ್ಟ ಮೂಟೆಯ ಮೇಲೆ ಒಂದಿಷ್ಟು ಸಾಲ, ಹತ್ತಿರದಲ್ಲಿ ಒಂದು ಬೋರ್‌ವೆಲ್. ಗಡಿಯಲ್ಲಿ ನಿಂತ ಪೊಲೀಸನಿಗಿಂತ ಇವು ಅವರಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಆಮೇಲೆ ಮರದ ಪ್ರಶ್ನೆ ಇದ್ದೇ ಇದೆ. ಬಹಳ ಕಡೆ ಹೆಂಗಸರಿಗೆ ಹಣ್ಣು ಆರಿಸುವ ಹಕ್ಕಿದೆ, ಮರದ ಮೇಲೆ ಹಕ್ಕಿಲ್ಲ. ಜಮೀನು ಗಂಡಸರದ್ದು. ಟ್ರ್ಯಾಕ್ಟರ್ ಉಳುಮೆಗೆ ಮರ ಅಡ್ಡ ಅನ್ನಿಸಿದರೆ, ಇದ್ದಿಲಿನವನು ಕೈಗೆ ಕಾಸು ಕೊಟ್ಟರೆ, ಮರ ಉರುಳುತ್ತದೆ. ಶಿಯಾ ಈಗಾಗಲೇ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಪ್ರಭೇದ ಎಂದು ದಾಖಲಾಗಿದೆ. ಬೀಜಕ್ಕೆ ಸಂತೆಯಲ್ಲಿ ಬೆಲೆ ಬಿದ್ದ ವರ್ಷ ಇದ್ದಿಲಿನವನಿಗೆ ಇಲ್ಲ ಅನ್ನುವುದು ಇನ್ನೂ ಕಷ್ಟ. ಒಮ್ಮೆ ಕಡಿದರೆ ಅದೇ ಜಾಗದಲ್ಲಿ ಮತ್ತೆ ಹಣ್ಣು ಬೀಳಲು ಹದಿನೈದು ಇಪ್ಪತ್ತು ವರ್ಷ ಬೇಕು. ಸರ್ಕಾರದ ಮೊದಲ ಆದೇಶದ ಅವಧಿ ಆರು ತಿಂಗಳಾಗಿತ್ತು.